ಹೊಗೆ ಬೇರೆ, ಧೂಳು ಬೇರೆ: ಗಾಳಿಯ ಸೂಕ್ಷ್ಮ ಕಣಗಳ ಮೂಲ ಮತ್ತು ವಿಷಗುಣ

ಪಾಠದ ಹಿನ್ನೆಲೆ

ಉನ್ನತ ಪ್ರಾಥಮಿಕ ತರಗತಿಗಳಲ್ಲಿ ವಾಯುಮಾಲಿನ್ಯದ ಪಾಠವನ್ನು ಬೋಧಿಸುವಾಗ, 'ಗಾಳಿಯನ್ನು ಕೆಡಿಸುವುದು ಯಾವುದು?' ಎಂದು ಕೇಳಿದರೆ ಮಕ್ಕಳಿಂದ ಮೊದಲು ಬರುವ ಉತ್ತರ ಬಹುಮಟ್ಟಿಗೆ 'ಧೂಳು' ಎಂಬುದೇ ಆಗಿರುತ್ತದೆ. ಕಣ್ಣಿಗೆ ಕಾಣುವುದು, ಬಟ್ಟೆಗೆ ಅಂಟುವುದು, ಬೆಂಚಿನ ಮೇಲೆ ಬೆರಳಿನಿಂದ ಹೆಸರು ಬರೆಯಲು ಆಗುವುದು ಧೂಳೇ ಆದ್ದರಿಂದ ಈ ಉತ್ತರ ಸಹಜವಾದುದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಮಕ್ಕಳಿಗೆ ಭಾಷೆಯೂ ಇಲ್ಲಿ ಒಂದು ತೊಡಕನ್ನು ತಂದೊಡ್ಡುತ್ತದೆ. ಮರಾಠಿಯಲ್ಲಿ ಹೊಗೆಗೆ 'ಧೂರ' ಎಂದೂ ಧೂಳಿಗೆ 'ಧೂಳ' ಎಂದೂ ಹೆಸರು. ಕಿವಿಗೆ ಒಂದೇ ಅಕ್ಷರದ ಅಂತರ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಕೇಳಿ ಬೆಳೆದ ಮಗು 'ಧೂರ' ಎಂಬುದನ್ನು ಕನ್ನಡಕ್ಕೆ ತರುವಾಗ 'ಧೂಳು' ಎಂದು ಬರೆದುಬಿಡುವ ಸಂಭವವುಂಟು. ಕಾಗುಣಿತದ ತಪ್ಪೆಂದು ತಿದ್ದಿ ಮುಂದೆ ಸಾಗಿದರೆ ವಿಜ್ಞಾನದ ಒಂದು ಮುಖ್ಯ ಪರಿಕಲ್ಪನೆಯೇ ಕೈತಪ್ಪಿಹೋಗುತ್ತದೆ. ಏಕೆಂದರೆ ಹೊಗೆ ಮತ್ತು ಧೂಳು ಹುಟ್ಟುವ ಬಗೆ ಬೇರೆ, ದೇಹದಲ್ಲಿ ತಲುಪುವ ತಾಣ ಬೇರೆ, ಮಾಡುವ ಹಾನಿಯೂ ಬೇರೆ. ಗಾಳಿಯಲ್ಲಿ ಕಣಗಳು ಎಷ್ಟಿವೆ ಎಂದು ಕೇಳಿದರಷ್ಟೇ ಸಾಲದು. ಅವು ಯಾವುದರಿಂದ ಹುಟ್ಟಿದವು, ಉಸಿರಾಡುವವರಿಗೆ ಎಷ್ಟು ಸಮೀಪದಲ್ಲಿ ಹುಟ್ಟಿದವು ಎಂಬುದನ್ನೂ ಕೇಳಬೇಕು. ಈ ಮೂರು ಪ್ರಶ್ನೆಗಳನ್ನು ಮಕ್ಕಳ ಮನಸ್ಸಿನಲ್ಲಿ ನೆಲೆಗೊಳಿಸುವುದೇ ಈ ಪಾಠದ ಉದ್ದೇಶ.

ಗಾತ್ರದ ಅರಿವು

ಗಾಳಿಯಲ್ಲಿ ತೇಲುವ ಘನ ಹಾಗೂ ದ್ರವ ರೂಪದ ಕಣಗಳಲ್ಲಿ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸವುಳ್ಳವುಗಳನ್ನು ಸೂಕ್ಷ್ಮ ಕಣಗಳೆಂದು ಕರೆಯುತ್ತಾರೆ. ಪತ್ರಿಕೆಗಳಲ್ಲಿ ಕಾಣುವ 'ಪಿಎಂ 2.5' ಎಂಬುದು ಇವುಗಳ ಸಂಕೇತ. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರೋಮೀಟರುಗಳಿರುವುದರಿಂದ ಇಂಥ 400 ಕಣಗಳನ್ನು ಸಾಲಾಗಿ ಇಟ್ಟರೆ ಅಳತೆಪಟ್ಟಿಯ ಒಂದು ಮಿಲಿಮೀಟರ್ ಆಗುತ್ತದೆ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್. ಕೆಂಪು ರಕ್ತಕಣದ ಅಗಲ ಸುಮಾರು 7 ಮೈಕ್ರೋಮೀಟರ್. ಒಂದು ಸೂಕ್ಷ್ಮ ಕಣವನ್ನು ಜೋಳದ ಕಾಳಿನಷ್ಟು ಹಿಗ್ಗಿಸಿ ಕಲ್ಪಿಸಿಕೊಂಡರೆ, ಅದೇ ಪ್ರಮಾಣದಲ್ಲಿ ತಲೆಗೂದಲು ಸುಮಾರು ಹತ್ತು ಸೆಂಟಿಮೀಟರ್ ದಪ್ಪದ ಕಂಬವಾಗುತ್ತದೆ.

ಗಾತ್ರ ಕುಗ್ಗಿದಂತೆ ಕಣವು ಗಾಳಿಯಲ್ಲಿ ತೇಲುವ ಕಾಲ ಬಹುಬೇಗ ಹಿಗ್ಗುತ್ತದೆ. ನಿಶ್ಚಲವಾದ ಗಾಳಿಯಲ್ಲಿ, ನೀರಿನಷ್ಟೇ ಸಾಂದ್ರತೆಯುಳ್ಳ ಕಣವೊಂದು ಒಂದೂವರೆ ಮೀಟರ್ ಎತ್ತರದಿಂದ ನೆಲ ಮುಟ್ಟುವುದೆಂದು ಲೆಕ್ಕಹಾಕೋಣ. 50 ಮೈಕ್ರೋಮೀಟರಿನ ಕಣಕ್ಕೆ ಸುಮಾರು 20 ಸೆಕೆಂಡು ಸಾಕು. 10 ಮೈಕ್ರೋಮೀಟರಿನದಕ್ಕೆ ಸುಮಾರು 8 ನಿಮಿಷ ಬೇಕು. 2.5 ಮೈಕ್ರೋಮೀಟರಿನದಕ್ಕೆ ಎರಡು ಗಂಟೆಗೂ ಹೆಚ್ಚು ಬೇಕು. ಕೋಣೆಯ ಗಾಳಿ ಎಂದೂ ನಿಶ್ಚಲವಾಗಿರದ ಕಾರಣ, ವಾಸ್ತವದಲ್ಲಿ ಸೂಕ್ಷ್ಮ ಕಣವು ಕೆಳಗೆ ಕೂರುವುದಕ್ಕಿಂತ ಮೊದಲೇ ಯಾರದಾದರೂ ಉಸಿರಿನೊಳಗೆ ಸೇರುವ ಅಥವಾ ಗಾಳಿಯೊಡನೆ ಬಹುದೂರ ಸಾಗುವ ಸಂಭವವೇ ಹೆಚ್ಚು.

ಕಣಗಳು ಹುಟ್ಟುವ ಬಗೆ

ಕಣಗಳು ಎರಡು ದಾರಿಗಳಿಂದ ಹುಟ್ಟುತ್ತವೆ. ದೊಡ್ಡದನ್ನು ಒಡೆದು ಸಣ್ಣದು ಮಾಡುವುದು ಮೊದಲನೆಯ ದಾರಿ. ಬೀಸುವುದು, ಕುಟ್ಟುವುದು, ಉಳುವುದು, ಕಲ್ಲು ಒಡೆಯುವುದು, ಕಚ್ಚಾ ರಸ್ತೆಯ ಮೇಲೆ ಗಾಡಿ ಓಡಿಸುವುದು ಈ ಬಗೆಯವು. ಘನವಸ್ತುವನ್ನು ಎಷ್ಟು ಪುಡಿಮಾಡಿದರೂ ಅತಿ ಸಣ್ಣ ತುಣುಕುಗಳಾಗಿ ಒಡೆಯುವುದು ಕಷ್ಟವಾದುದರಿಂದ ಈ ದಾರಿಯಲ್ಲಿ ಹುಟ್ಟುವ ಕಣಗಳಲ್ಲಿ ತೂಕದ ದೃಷ್ಟಿಯಿಂದ ದಪ್ಪ ಕಣಗಳೇ ಅಧಿಕ. ಇದು ಧೂಳು.

ಎರಡನೆಯ ದಾರಿ ಇದಕ್ಕೆ ವಿರುದ್ಧವಾದುದು. ಬೆಂಕಿಯ ಉರಿಯಲ್ಲಿ ಇಂಧನವು ಮೊದಲು ಅನಿಲವಾಗಿ, ಪೂರ್ತಿ ಉರಿಯದೆ ಉಳಿದ ಭಾಗವು ತಣಿಯುತ್ತ ಅಣುವಿಗೆ ಅಣು ಕೂಡಿ ಕಣವಾಗುತ್ತದೆ. ಸೊನ್ನೆಯಿಂದ ಮೇಲಕ್ಕೆ ಬೆಳೆಯುವ ಈ ಕಣಗಳು ಬಹುಪಾಲು ಒಂದು ಮೈಕ್ರೋಮೀಟರಿಗಿಂತ ಸಣ್ಣವಾಗಿಯೇ ಉಳಿಯುತ್ತವೆ. ಇದು ಹೊಗೆ. ಅಡುಗೆಮನೆಯ ಜಂತಿಗೆ ಜೋತುಬಿದ್ದ ಇಲ್ಲಣವು ಇಂಥ ಕೋಟಿ ಕೋಟಿ ಕಣಗಳು ಕೂಡಿ ಆದುದು.

ಹೊಗೆಗೆ ಇನ್ನೊಂದು ಗುಪ್ತ ರೂಪವಿದೆ. ಕಲ್ಲಿದ್ದಲು ಉರಿದಾಗ ಗಂಧಕದ ಡೈಆಕ್ಸೈಡ್ ಹೊರಡುತ್ತದೆ. ವಾಹನಗಳ ಎಂಜಿನ್ ಹಾಗೂ ಕುಲುಮೆಗಳ ಹೆಚ್ಚಿನ ಶಾಖದಲ್ಲಿ ನೈಟ್ರೋಜನ್ ಆಕ್ಸೈಡುಗಳು ಉಂಟಾಗುತ್ತವೆ. ಇವು ಕಣಗಳಲ್ಲ, ಅನಿಲಗಳು. ಆದರೆ ಆಕಾಶದಲ್ಲಿ ಸಾಗುವಾಗ ರಾಸಾಯನಿಕ ಬದಲಾವಣೆ ಹೊಂದಿ, ಸೆಗಣಿ, ಗಂಜಲ ಮತ್ತು ಯೂರಿಯಾ ಗೊಬ್ಬರಗಳಿಂದ ಹೊಮ್ಮುವ ಅಮೋನಿಯದೊಡನೆ ಕೂಡಿ ಅಮೋನಿಯಂ ಸಲ್ಫೇಟ್ ಮತ್ತು ಅಮೋನಿಯಂ ನೈಟ್ರೇಟ್ ಎಂಬ ಸೂಕ್ಷ್ಮ ಲವಣಕಣಗಳಾಗುತ್ತವೆ. ಇವನ್ನು ದ್ವಿತೀಯಕ ಕಣಗಳೆನ್ನುವರು. ಚಿಮಣಿಯಿಂದ ನೂರಾರು ಕಿಲೋಮೀಟರ್ ದೂರದ ಹಳ್ಳಿಯ ಗಾಳಿಯಲ್ಲಿಯೂ ಇವು ಕಂಡುಬರಲು ಕಾರಣವಿದು. ಮಾಲಿನ್ಯಕ್ಕೆ ರಾಜ್ಯದ ಗಡಿ ತಿಳಿಯದೆಂಬುದನ್ನು ಗಡಿನಾಡಿನ ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ.

ನಮ್ಮ ಪರಿಸರದಲ್ಲಿ ಈ ಮೂಲಗಳನ್ನು ಗುರುತಿಸುವುದು ಸುಲಭ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು ಉರಿಸುವ ಒಲೆ, ಕಬ್ಬು ಕಡಿದ ಮೇಲೆ ಹೊಲದಲ್ಲಿ ಸುಡುವ ರವದಿ, ಇಟ್ಟಿಗೆ ಭಟ್ಟಿ, ಡೀಸೆಲ್ ಲಾರಿ, ಟ್ರ್ಯಾಕ್ಟರ್, ಕಲ್ಲಿದ್ದಲಿನ ವಿದ್ಯುತ್ ಸ್ಥಾವರ, ಓಣಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಸಮೇತ ಸುಡುವ ಕಸ. ಇವುಗಳಲ್ಲಿ ಪ್ರತಿಯೊಂದರಲ್ಲಿಯೂ ಬೆಂಕಿ ಇದೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುವಂತೆ ಪ್ರಶ್ನಿಸುವುದು ಲೇಸು.

ತೂಕ ಒಂದೇ, ವಿಷ ಬೇರೆ: ಯೂಟಾ ಕಣಿವೆಯ ಉದಾಹರಣೆ

ಸಮತೂಕದ ಎರಡು ಬಗೆಯ ಕಣಗಳು ದೇಹಕ್ಕೆ ಸಮನಾದ ಹಾನಿಯನ್ನೇ ಮಾಡುವವೇ? ಈ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಪಡೆಯುವುದು ಕಷ್ಟ. ಒಂದು ಊರಿನ ಕಾರ್ಖಾನೆಯನ್ನು ವಿಜ್ಞಾನಿಗಳು ತಮ್ಮಿಚ್ಛೆಯಂತೆ ವರ್ಷಕಾಲ ಮುಚ್ಚಿಸಿ ಮತ್ತೆ ತೆರೆಸಲಾರರು. ಅಮೆರಿಕದ ಯೂಟಾ ರಾಜ್ಯದಲ್ಲಿ ಇಂಥ ಅವಕಾಶವು ತಾನಾಗಿಯೇ ಒದಗಿಬಂತು.

ಬೆಟ್ಟಗಳಿಂದ ಸುತ್ತುವರಿದ ಯೂಟಾ ಕಣಿವೆಯಲ್ಲಿ ಒಂದು ದೊಡ್ಡ ಉಕ್ಕಿನ ಕಾರ್ಖಾನೆಯಿತ್ತು. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಕುಳಿತು, ಮೇಲಿನ ಬೆಚ್ಚನೆಯ ಗಾಳಿಯ ಪದರವು ಮುಚ್ಚಳದಂತೆ ಕವಿಯುತ್ತಿದ್ದುದರಿಂದ ಹೊಗೆ ಹೊರಹೋಗಲಾರದೆ ಉಳಿಯುತ್ತಿತ್ತು. 1986ರಲ್ಲಿ ಕಾರ್ಮಿಕ ವಿವಾದದ ಕಾರಣದಿಂದ ಆ ಕಾರ್ಖಾನೆ ಮುಚ್ಚಿ, ಸುಮಾರು ಹದಿಮೂರು ತಿಂಗಳ ತರುವಾಯ 1987ರಲ್ಲಿ ಮತ್ತೆ ಆರಂಭವಾಯಿತು. ಆರ್ಡನ್ ಪೋಪ್ ಎಂಬ ಸಂಶೋಧಕರು ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿ 1989ರಲ್ಲಿ ಪ್ರಕಟಿಸಿದ ಲೇಖನವು ಜಗತ್ತಿನ ಗಮನ ಸೆಳೆಯಿತು. ಕಾರ್ಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಉಬ್ಬಸ ಮತ್ತು ಶ್ವಾಸನಾಳದ ಉರಿಯೂತದಿಂದ ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ಅದು ಮುಚ್ಚಿದ್ದ ಚಳಿಗಾಲದ ಸಂಖ್ಯೆಗಿಂತ ಎರಡರಿಂದ ಮೂರು ಪಟ್ಟು ಇತ್ತು. ಆ ಕಣಿವೆಯಲ್ಲಿ ಧೂಮಪಾನ ಮಾಡುವವರು ಬಹಳ ಕಡಿಮೆಯಾಗಿದ್ದುದರಿಂದ ಬೀಡಿ ಸಿಗರೇಟುಗಳ ಮೇಲೆ ಹೊಣೆ ಹೊರಿಸುವಂತೆಯೂ ಇರಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಮೂರು ಅವಧಿಗಳಲ್ಲಿ, ಅಂದರೆ ಕಾರ್ಖಾನೆ ಮುಚ್ಚುವ ಮುಂಚೆ, ಮುಚ್ಚಿದ್ದಾಗ ಮತ್ತು ತೆರೆದ ಮೇಲೆ, ಗಾಳಿಯ ಕಣಗಳನ್ನು ಹಿಡಿದಿದ್ದ ಶೋಧಕ ಕಾಗದಗಳನ್ನು ಜೋಪಾನವಾಗಿ ಇಡಲಾಗಿತ್ತು. ವರ್ಷಗಳ ನಂತರ ವಿಜ್ಞಾನಿಗಳು ಆ ಕಣಗಳ ಸಾರವನ್ನು ನೀರಿನಲ್ಲಿ ತೆಗೆದು, ಸಮಾನ ತೂಕದ ಸಾರವನ್ನು ಇಲಿಗಳ ಶ್ವಾಸಕೋಶಕ್ಕೆ ಸೇರಿಸಿ ನೋಡಿದರು. ಸ್ವಯಂಪ್ರೇರಿತರಾಗಿ ಮುಂದೆ ಬಂದ ಮನುಷ್ಯರಲ್ಲಿಯೂ ಅಲ್ಪ ಪ್ರಮಾಣದಲ್ಲಿ ಪರೀಕ್ಷಿಸಿದರು. ತೂಕ ಒಂದೇ ಆಗಿದ್ದರೂ ಕಾರ್ಖಾನೆ ನಡೆಯುತ್ತಿದ್ದ ಕಾಲದ ಕಣಗಳು ಶ್ವಾಸಕೋಶದಲ್ಲಿ ಉರಿಯೂತವನ್ನು ಹೆಚ್ಚಾಗಿ ಉಂಟುಮಾಡಿದವು. ಮುಚ್ಚಿದ್ದ ಕಾಲದವು ಅಷ್ಟು ಮಾಡಲಿಲ್ಲ. ಆ ಸಾರದಲ್ಲಿದ್ದ ತಾಮ್ರ, ಸತು, ಕಬ್ಬಿಣಗಳಂಥ ಲೋಹಗಳ ಪ್ರಮಾಣದಲ್ಲಿಯೂ ಇದಕ್ಕೆ ತಕ್ಕ ವ್ಯತ್ಯಾಸವಿತ್ತು.

ಈ ಉದಾಹರಣೆಯಿಂದ ಎರಡು ಪಾಠಗಳನ್ನು ಕಲಿಯಬಹುದು. ಒಂದು, ಮೂಲವನ್ನು ನಿಲ್ಲಿಸಿದರೆ ಮಕ್ಕಳ ಆರೋಗ್ಯ ಅದೇ ಚಳಿಗಾಲದಲ್ಲಿ ಸುಧಾರಿಸುತ್ತದೆ. ಎರಡು, ತಕ್ಕಡಿಯು ಕಣದ ತೂಕವನ್ನು ಹೇಳುತ್ತದೆಯೇ ಹೊರತು ಅದರ ಗುಣವನ್ನು ಹೇಳದು. ಆದರೂ ಇದರಿಂದ 'ಈ ಬಗೆಯ ಕಣ ನಿರಪಾಯಕಾರಿ' ಎಂಬ ತೀರ್ಮಾನಕ್ಕೆ ಬರಬಾರದು. ಯಾವ ಬಗೆಯ ಸೂಕ್ಷ್ಮ ಕಣವೂ ಪೂರ್ತಿ ಸುರಕ್ಷಿತವೆಂದು ಇದುವರೆಗೆ ಸಿದ್ಧವಾಗಿಲ್ಲ. ಆದ್ದರಿಂದಲೇ ಸರಕಾರಗಳು ಇಂದಿಗೂ ಒಟ್ಟು ತೂಕಕ್ಕೇ ಮಿತಿ ಹಾಕುತ್ತವೆ. ಧೂಳನ್ನೂ ಹಗುರವಾಗಿ ಎಣಿಸಬಾರದು. ಕಲ್ಲುಗಣಿಗಳಲ್ಲಿ ದುಡಿಯುವವರಿಗೆ ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ಗುಣವಾಗದ ರೋಗ.

ದೇಹದೊಳಗೆ ನಡೆಯುವುದೇನು?

ಮೂಗಿನ ಕೂದಲು ಮತ್ತು ಸಿಂಬಳ 10 ಮೈಕ್ರೋಮೀಟರಿಗಿಂತ ದೊಡ್ಡ ಕಣಗಳನ್ನು ಬಹುಪಾಲು ತಡೆಯುತ್ತವೆ. ಅವನ್ನು ದಾಟಿದ ಕಣಗಳು ಶ್ವಾಸನಾಳದ ಗೋಡೆಗೆ ಅಂಟಿದರೆ, ಅಲ್ಲಿನ ಸೂಕ್ಷ್ಮ ರೋಮಗಳು ಲೋಳೆಯೊಡನೆ ಮೇಲಕ್ಕೆ ದೂಡಿ ಕೆಮ್ಮಿನ ಮೂಲಕ ಹೊರಹಾಕುತ್ತವೆ. ಆದರೆ ಸೂಕ್ಷ್ಮ ಕಣಗಳು ಈ ಎರಡು ಕಾವಲುಗಳನ್ನೂ ದಾಟಿ ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಲ್ಲಿ ರೋಮಗಳಿಲ್ಲ. ರಕ್ಷಕ ಕೋಶಗಳು ಕಣಗಳನ್ನು ನುಂಗಿ ಸಾಗಿಸಲು ವಾರಗಳೂ ತಿಂಗಳುಗಳೂ ಹಿಡಿಯುತ್ತವೆ.

ಗಾಳಿಗೂಡಿನ ಗೋಡೆ ಅತ್ಯಂತ ತೆಳುವಾದುದು. ಕಣದ ಮೇಲ್ಮೈಯಲ್ಲಿರುವ ಲೋಹಗಳು ಮತ್ತು ಸಾವಯವ ರಾಸಾಯನಿಕಗಳು ಅಲ್ಲಿ ತೀವ್ರ ಕ್ರಿಯಾಶೀಲವಾದ ಆಮ್ಲಜನಕ ಸಂಯುಕ್ತಗಳನ್ನು ಉಂಟುಮಾಡಿ ಕೋಶಗಳನ್ನು ಘಾಸಿಗೊಳಿಸುತ್ತವೆ. ಇದಕ್ಕೆ ದೇಹ ತೋರುವ ಪ್ರತಿಕ್ರಿಯೆಯೇ ಉರಿಯೂತ. ಈ ಉರಿಯೂತದ ಪರಿಣಾಮ ಶ್ವಾಸಕೋಶದಲ್ಲಷ್ಟೇ ನಿಲ್ಲದೆ ರಕ್ತನಾಳಗಳನ್ನು ತಲುಪಿ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವನ್ನು ಹೆಚ್ಚಿಸುತ್ತದೆ. ಅತಿಸೂಕ್ಷ್ಮ ಕಣಗಳಲ್ಲಿ ಕೆಲವು ನೇರವಾಗಿ ರಕ್ತವನ್ನೂ ಸೇರಬಲ್ಲವು. ಅರೆಬೆಂದ ಇಂಧನದ ಹೊಗೆಯಲ್ಲಿ ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳಿವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನೂ 2013ರಲ್ಲಿ ಹೊರಾಂಗಣದ ಗಾಳಿಯ ಕಣಮಾಲಿನ್ಯವನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು.

ಮಕ್ಕಳಿಗೆ ಅಪಾಯ ಹೆಚ್ಚೇಕೆ? ತಮ್ಮ ದೇಹತೂಕಕ್ಕೆ ಹೋಲಿಸಿದರೆ ಅವರು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾರೆ. ಅವರ ಶ್ವಾಸನಾಳಗಳು ಕಿರಿದಾಗಿದ್ದು ಸ್ವಲ್ಪ ಊದಿದರೂ ಉಸಿರಿಗೆ ಅಡ್ಡಿಯಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಶ್ವಾಸಕೋಶವು ಹರೆಯದ ಕೊನೆಯವರೆಗೂ ಬೆಳೆಯುತ್ತಿರುತ್ತದೆ. ಶಾಲೆಯ ವರ್ಷಗಳಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಮುಂದೆ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ.

ಇದಕ್ಕೆ ಆಶಾದಾಯಕವಾದ ಮತ್ತೊಂದು ಮುಖವೂ ಇದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ 1990ರ ದಶಕದಿಂದ ಮೂರು ತಲೆಮಾರಿನ ಶಾಲಾಮಕ್ಕಳ ಶ್ವಾಸಕೋಶದ ಬೆಳವಣಿಗೆಯನ್ನು ಅಳೆದು 2015ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಆ ಅವಧಿಯಲ್ಲಿ ಅಲ್ಲಿನ ಗಾಳಿ ಕ್ರಮೇಣ ಶುದ್ಧವಾಗಿತ್ತು. ಹದಿನೈದನೆಯ ವಯಸ್ಸಿಗೆ ಶ್ವಾಸಕೋಶದ ಸಾಮರ್ಥ್ಯ ತೀರ ಕಡಿಮೆಯಿದ್ದ ಮಕ್ಕಳ ಪ್ರಮಾಣ ಮೊದಲ ತಂಡದಲ್ಲಿ ಶೇ. 7.9 ಇದ್ದುದು ಕೊನೆಯ ತಂಡದಲ್ಲಿ ಶೇ. 3.6ಕ್ಕೆ ಇಳಿದಿತ್ತು. ಗಾಳಿ ಸುಧಾರಿಸಿದಾಗ ಮಕ್ಕಳ ಎದೆಯೂ ಸುಧಾರಿಸುತ್ತದೆ.

ಸಮೀಪದ ಹೊಗೆ

ಮೂರನೆಯ ಪ್ರಶ್ನೆ ದೂರಕ್ಕೆ ಸಂಬಂಧಿಸಿದುದು. ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿಯು ಭಾರತೀಯ ಸಹೋದ್ಯೋಗಿಗಳೊಡನೆ 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಣ್ಣುಮಕ್ಕಳು ಉಸಿರಾಡುವ ಗಾಳಿಯನ್ನು ಅಳೆದರು. ಅದುವರೆಗೆ ವಾಯುಮಾಲಿನ್ಯವೆಂದರೆ ನಗರ ಮತ್ತು ಕಾರ್ಖಾನೆಗಳ ವಿಷಯವೆಂದು ತಿಳಿಯಲಾಗಿತ್ತು. ಕಟ್ಟಿಗೆ ಹಾಗೂ ಕುಳ್ಳಿನ ಒಲೆಯ ಮುಂದಿನ ಗಾಳಿಯು ನಗರದ ಬೀದಿಯ ಗಾಳಿಗಿಂತ ಎಷ್ಟೋ ಪಟ್ಟು ಹೊಗೆಯಿಂದ ಕೂಡಿದ್ದುದು ಆಗ ಬೆಳಕಿಗೆ ಬಂತು. ಸ್ಮಿತ್ ಅವರು ಮುಂದೆ ಒಂದು ಸ್ಥೂಲ ಸೂತ್ರವನ್ನು ಮುಂದಿಟ್ಟರು: ಹೊರಗೆ ಬಿಟ್ಟ ಮಾಲಿನ್ಯಕ್ಕೆ ಹೋಲಿಸಿದರೆ ಮನೆಯೊಳಗೆ ಬಿಟ್ಟ ಮಾಲಿನ್ಯವು ಮನುಷ್ಯನ ಶ್ವಾಸಕೋಶವನ್ನು ಸೇರುವ ಸಂಭವ ಸುಮಾರು ಸಾವಿರ ಪಟ್ಟು ಹೆಚ್ಚು. ಎತ್ತರದ ಚಿಮಣಿಯ ಹೊಗೆ ಚದುರಿ ತೆಳುವಾಗುತ್ತದೆ; ಊದುಕೊಳವೆ ಹಿಡಿದು ಒಲೆಗೆ ಬಾಗಿದವರ ಮುಖಕ್ಕೆ ಬಡಿಯುವ ಹೊಗೆಗೆ ಚದುರಲು ಎಡೆಯೇ ಇಲ್ಲ.

ಆದುದರಿಂದ ಸಣ್ಣ ಬೆಂಕಿಯನ್ನು ಸಣ್ಣದೆಂದು ಅಲಕ್ಷಿಸಬಾರದು. ಒಲೆಯ ಪಕ್ಕದಲ್ಲಿ ಮಲಗಿಸಿದ ಕೂಸು, ರಾತ್ರಿ ಸೀಮೆಎಣ್ಣೆಯ ದೀಪದ ಮುಂದೆ ಓದುವ ಮಗು, ಕಸದ ರಾಶಿಗೆ ಬೆಂಕಿ ಹಚ್ಚಿ ಸುತ್ತ ನಿಂತ ಬಾಲಕರು, ಇವರ ಪಾಲಿಗೆ ಆ ಸಣ್ಣ ಬೆಂಕಿಯೇ ದೊಡ್ಡ ಕಾರ್ಖಾನೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅಡುಗೆ ಅನಿಲವು ಅನೇಕ ಮನೆಗಳನ್ನು ತಲುಪಿದೆ. ಆದರೆ ಸಿಲಿಂಡರ್ ತುಂಬಿಸುವ ವೆಚ್ಚದಿಂದಾಗಿ ಅನಿಲದ ಜೊತೆಗೆ ಕಟ್ಟಿಗೆಯ ಒಲೆಯೂ ಉರಿಯುವ ಮನೆಗಳು ಇಂದಿಗೂ ಇವೆ.

ಅಂಕಿಗಳನ್ನು ಓದುವ ಬಗೆ

ಸೂಕ್ಷ್ಮ ಕಣಗಳ ಪ್ರಮಾಣವನ್ನು ಒಂದು ಘನಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಎಂದು ಹೇಳುತ್ತಾರೆ. 2009ರ ರಾಷ್ಟ್ರೀಯ ಮಾನದಂಡದಂತೆ ನಮ್ಮ ದೇಶದಲ್ಲಿ ವಾರ್ಷಿಕ ಸರಾಸರಿ 40, ಇಪ್ಪತ್ತನಾಲ್ಕು ಗಂಟೆಗಳ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ನೀಡಿದ ಮಾರ್ಗದರ್ಶಿ ಮಿತಿಗಳು ಕ್ರಮವಾಗಿ 5 ಮತ್ತು 15. ನಮ್ಮ ವಾಯುಗುಣಮಟ್ಟ ಸೂಚ್ಯಂಕದಲ್ಲಿ 50ರವರೆಗೆ 'ಉತ್ತಮ', 100ರವರೆಗೆ 'ತೃಪ್ತಿಕರ', 200ರವರೆಗೆ 'ಮಧ್ಯಮ', 300ರವರೆಗೆ 'ಕಳಪೆ', 400ರವರೆಗೆ 'ಅತಿ ಕಳಪೆ', ಅದರಾಚೆ 'ತೀವ್ರ' ಎಂಬ ಹಂತಗಳಿವೆ. ಸೂಚ್ಯಂಕದ ಅಂಕಿ ಮೈಕ್ರೋಗ್ರಾಂ ಅಲ್ಲ ಎಂಬುದನ್ನು ಮಕ್ಕಳಿಗೆ ಸ್ಪಷ್ಟಪಡಿಸಬೇಕು. ಸೂಚ್ಯಂಕ 100 ಎಂದರೆ ಸೂಕ್ಷ್ಮ ಕಣಗಳ ಮಟ್ಟಿಗೆ 60 ಮೈಕ್ರೋಗ್ರಾಂ ಎಂದರ್ಥ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಲ್ಲಾಪುರವೂ ಸೇರಿರುವುದರಿಂದ ಈ ಅಂಕಿಗಳು ನಮಗೆ ಪರಕೀಯವಲ್ಲ.

ಗಣಿತದ ಅವಧಿಗೆ ಹೊಂದುವ ಒಂದು ಲೆಕ್ಕ ಇಲ್ಲಿದೆ. ಒಬ್ಬ ವಯಸ್ಕನು ದಿನಕ್ಕೆ ಸುಮಾರು 10 ಘನಮೀಟರ್ ಗಾಳಿಯನ್ನು ಉಸಿರಾಡುತ್ತಾನೆ. ಗಾಳಿಯಲ್ಲಿ 60 ಮೈಕ್ರೋಗ್ರಾಂ ಕಣಗಳಿದ್ದರೆ ದಿನಕ್ಕೆ 600 ಮೈಕ್ರೋಗ್ರಾಂ, ವರ್ಷಕ್ಕೆ 219 ಮಿಲಿಗ್ರಾಂ ಒಳಸೇರುತ್ತದೆ. ಒಂದು ಜೋಳದ ಕಾಳು ಸುಮಾರು 30 ಮಿಲಿಗ್ರಾಂ ತೂಗುವುದೆಂದರೆ, ವರ್ಷದ ಮೊತ್ತ ಕೇವಲ ಏಳು ಕಾಳಿನಷ್ಟು. ಇಷ್ಟು ಅಲ್ಪ ತೂಕ ಇಷ್ಟೊಂದು ಹಾನಿ ಮಾಡುವುದು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕಣದ ವ್ಯಾಸ ಹತ್ತನೆಯ ಒಂದು ಭಾಗಕ್ಕೆ ಇಳಿದರೆ ಅದೇ ತೂಕದಲ್ಲಿ ಕಣಗಳ ಸಂಖ್ಯೆ ಸಾವಿರ ಪಟ್ಟು, ಒಟ್ಟು ಮೇಲ್ಮೈ ಹತ್ತು ಪಟ್ಟು ಹೆಚ್ಚುತ್ತದೆ. ವಿಷವನ್ನು ಹೊತ್ತುತರುವುದು ಆ ಮೇಲ್ಮೈಯೇ.

ಈ ಅಲ್ಪ ತೂಕದ ಹೊರೆ ಒಟ್ಟಾರೆ ಎಷ್ಟು ದೊಡ್ಡದೆಂಬುದಕ್ಕೆ ಒಂದು ಅಂಕಿ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಹೊರಗಿನ ಮತ್ತು ಮನೆಯೊಳಗಿನ ವಾಯುಮಾಲಿನ್ಯದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 67 ಲಕ್ಷ ಜನರು ಅಕಾಲ ಮರಣಕ್ಕೆ ತುತ್ತಾಗುತ್ತಿದ್ದಾರೆ.

ತರಗತಿಯ ಚಟುವಟಿಕೆಗಳು

1. ಬಿಸಿಲುಕೋಲಿನ ಪರೀಕ್ಷೆ. ಕಿಟಕಿಗಳನ್ನು ಮುಚ್ಚಿ ಒಂದು ಸಂದಿನಿಂದ ಬಿಸಿಲುಕೋಲು ಒಳಬರುವಂತೆ ಮಾಡಿರಿ. ಮೊದಲು ಡಸ್ಟರನ್ನು ಒಮ್ಮೆ ಕೊಡವಿ, ಸುಣ್ಣದ ಪುಡಿ ಹೊಳೆಯುತ್ತ ಕೆಳಗಿಳಿಯುವುದನ್ನು ಗಮನಿಸಲು ಹೇಳಿರಿ. ತರುವಾಯ ಒಂದು ಊದುಬತ್ತಿಯನ್ನು ಅರ್ಧ ನಿಮಿಷ ಮಾತ್ರ ಹಚ್ಚಿ ಆರಿಸಿರಿ. ಹೊಗೆಯು ಕೆಳಗೆ ಕೂರದೆ ನೀಲಿಛಾಯೆಯಲ್ಲಿ ತೇಲುವುದು ಕಾಣುತ್ತದೆ. ಕೂಡಲೇ ಎಲ್ಲ ಕಿಟಕಿಗಳನ್ನು ತೆರೆಯಿರಿ. ಉಬ್ಬಸವಿರುವ ಮಕ್ಕಳಿದ್ದರೆ ಊದುಬತ್ತಿಯ ಭಾಗವನ್ನು ಕೈಬಿಟ್ಟು ಬಾಯಿಮಾತಿನಲ್ಲಿ ವಿವರಿಸುವುದು ಒಳ್ಳೆಯದು.

2. ಎಣ್ಣೆ ಸವರಿದ ಕಾಗದ. ಇದು ನಮ್ಮ ಶಾಲೆಗಳಲ್ಲಿ ರೂಢಿಯಲ್ಲಿರುವ ಚಟುವಟಿಕೆ. ಬಿಳಿಯ ಕಾಗದಕ್ಕೆ ಎಣ್ಣೆ ಸವರಿ ರಸ್ತೆಬದಿಯಲ್ಲಿ, ಅಂಗಳದಲ್ಲಿ, ಗಿಡದ ನೆರಳಿನಲ್ಲಿ ಇಟ್ಟು ಮರುದಿನ ಹೋಲಿಸುವುದು. ಮಾಡಿಸಬೇಕು, ಆದರೆ ಅದರಲ್ಲಿ ಸಿಕ್ಕುವುದು ಬಹುಪಾಲು ಕೆಳಗೆ ಕೂರುವ ದಪ್ಪ ಧೂಳು ಮಾತ್ರ ಎಂಬುದನ್ನು ಹೇಳದೆ ಬಿಡಬಾರದು. 'ಈ ಕಾಗದಕ್ಕೆ ಸಿಕ್ಕದೆ ಹೋದದ್ದು ಯಾವುದು?' ಎಂಬ ಪ್ರಶ್ನೆಯಿಂದ ಪಾಠ ಮುಂದುವರಿಯಲಿ.

3. ಮೂಲಗಳ ಸಮೀಕ್ಷೆ. ಮಕ್ಕಳು ಗುಂಪುಗಳಾಗಿ ಊರಿನಲ್ಲಿ ಕಾಣುವ ಹೊಗೆಯ ಮೂಲಗಳನ್ನು ಒಂದು ವಾರ ಪಟ್ಟಿಮಾಡಲಿ. ಉರಿಯುವ ವಸ್ತು, ಉರಿಯುವ ಹೊತ್ತು, ಅತಿ ಸಮೀಪದಲ್ಲಿ ಇರುವವರು ಯಾರು, ಹೊಗೆ ಏರುವುದೋ ಹರಡುವುದೋ ಎಂಬ ನಾಲ್ಕು ಅಂಕಣಗಳಿರಲಿ. ಚಳಿಗಾಲದ ಮುಂಜಾನೆ ಹೊಗೆ ನೆಲದ ಮಟ್ಟದಲ್ಲಿಯೇ ಹಬ್ಬಿ ನಿಲ್ಲುವುದನ್ನು ಗಮನಿಸಿದವರಿಗೆ ಯೂಟಾ ಕಣಿವೆಯ ಸಂಗತಿ ಸುಲಭವಾಗಿ ಅರ್ಥವಾಗುತ್ತದೆ.

4. ಪದಗಳ ಜೋಡಿ. ಹೊಗೆ, ಧೂಳು, ಮಸಿ, ಬೂದಿ, ಮಂಜು ಎಂಬ ಕನ್ನಡ ಪದಗಳಿಗೆ ಮಕ್ಕಳು ಮರಾಠಿಯ ಸಮಾನಪದಗಳನ್ನು ತಂದು ಎರಡನ್ನೂ ಎದುರುಬದುರಾಗಿ ಬರೆಯಲಿ. ಭಾಷೆಯ ಅವಧಿಯಲ್ಲಿಯೂ ಇದನ್ನು ನಡೆಸಬಹುದು.

ಸಮೀಕ್ಷೆಯಲ್ಲಿ ಒಂದು ಎಚ್ಚರಿಕೆ ಅವಶ್ಯ. 'ನಿಮ್ಮ ಮನೆಯಲ್ಲಿ ಯಾವ ಒಲೆ ಇದೆ?' ಎಂದು ತರಗತಿಯ ಮುಂದೆ ಕೇಳಬಾರದು. ಕಟ್ಟಿಗೆಯ ಒಲೆ ಬಡತನದ ಗುರುತಾಗಿ ಮಗುವನ್ನು ಕುಗ್ಗಿಸುತ್ತದೆ. ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಉಣ್ಣುವ ತಾಯಿಯೇ ತಪ್ಪಿತಸ್ಥೆಯೆಂಬ ಭಾವನೆಯೂ ಬೆಳೆಯಬಹುದು. ಹೊಗೆಯನ್ನು ಕಡಿಮೆ ಮಾಡುವ ದಾರಿಗಳನ್ನು ಮಾತ್ರ ಮಗು ಮನೆಗೆ ಕೊಂಡೊಯ್ಯಲಿ: ಕಟ್ಟಿಗೆ ಚೆನ್ನಾಗಿ ಒಣಗಿರಲಿ, ಅಡುಗೆಯ ಹೊತ್ತಿಗೆ ಕಿಟಕಿ ಬಾಗಿಲು ತೆರೆದಿರಲಿ, ಕೂಸುಗಳನ್ನು ಒಲೆಯಿಂದ ದೂರವಿರಿಸಲಿ, ಒಲೆ ಹೊತ್ತಿಸಲು ಪ್ಲಾಸ್ಟಿಕ್ ಚೀಲ ಬಳಸದಿರಲಿ.

ಶಾಲೆಯ ಹೊಣೆ

ಉಕ್ಕಿನ ಕಾರ್ಖಾನೆಯನ್ನಾಗಲಿ, ಹೆದ್ದಾರಿಯ ಲಾರಿಗಳನ್ನಾಗಲಿ ನಿಲ್ಲಿಸುವುದು ಶಿಕ್ಷಕರ ಕೈಯಲ್ಲಿಲ್ಲ. ಆದರೆ ಮಕ್ಕಳಿಗೆ ಅತಿ ಸಮೀಪದ ಕೆಲವು ಬೆಂಕಿಗಳು ಶಾಲೆಯ ಅಧೀನದಲ್ಲಿಯೇ ಇವೆ.

ಅವುಗಳಲ್ಲಿ ಮೊದಲನೆಯದು ಅಂಗಳದ ಕಸ. ಮುಂಜಾನೆ ಮಕ್ಕಳು ಗುಡಿಸಿ ಕೂಡಿಸಿದ ಒಣ ಎಲೆ, ಕಾಗದ, ತಿಂಡಿಯ ಪೊಟ್ಟಣಗಳಿಗೆ ಬೆಂಕಿ ಹಚ್ಚುವ ರೂಢಿ ಹಲವು ಕಡೆ ಉಂಟು. ಸ್ವಚ್ಛತೆಯ ಹೆಸರಿನಲ್ಲಿ ನಡೆಯುವ ಈ ಕೆಲಸದಿಂದ ಅಂಗಳ ಶುಚಿಯಾಗಿ ಕಂಡರೂ ಕಸವು ಎಲ್ಲಿಯೂ ಹೋಗಿರುವುದಿಲ್ಲ. ಅದರ ಒಂದು ಪಾಲು ಸೂಕ್ಷ್ಮ ಕಣವಾಗಿ ಪ್ರಾರ್ಥನೆಗೆ ನಿಂತ ಮಕ್ಕಳ ಎದೆಯನ್ನು ಸೇರಿರುತ್ತದೆ. ಕೆಲವು ಬಗೆಯ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತದೆ. ಎಲೆಗಳಿಗೆ ಒಂದು ಗೊಬ್ಬರದ ಗುಂಡಿ ತೋಡಿಸಿ, ಪ್ಲಾಸ್ಟಿಕ್ಕನ್ನು ಬೇರೆ ಚೀಲದಲ್ಲಿ ಕೂಡಿಸಿ ಗ್ರಾಮಪಂಚಾಯತಿಗೆ ಒಪ್ಪಿಸುವ ಕ್ರಮವನ್ನು ಶಾಲಾ ಆಡಳಿತ ಸಮಿತಿಯ ಸಭೆಯಲ್ಲಿ ನಿರ್ಧರಿಸಬಹುದು. ರವದಿಯನ್ನು ಸುಡದೆ ಹೊಲದಲ್ಲಿಯೇ ಹೊದಿಕೆಯಾಗಿ ಹರಡಿದರೆ ತೇವವೂ ಉಳಿದು ಮಣ್ಣಿಗೂ ಬಲ ಬರುವುದೆಂಬ ಮಾತು ಅದೇ ಸಭೆಯಲ್ಲಿ ಪಾಲಕರ ಕಿವಿಗೂ ಬೀಳಲಿ.

ಎರಡನೆಯದು ಬಿಸಿಯೂಟದ ಒಲೆ. ಅಡುಗೆಕೋಣೆಯಲ್ಲಿ ಕಟ್ಟಿಗೆ ಉರಿಯುತ್ತಿದ್ದರೆ ಹೊಗೆ ತರಗತಿಯತ್ತ ನುಗ್ಗದಂತೆ, ಅಡುಗೆ ಮಾಡುವ ತಾಯಂದಿರ ಎದೆಗೂ ಸೇರದಂತೆ ಹೊಗೆಗೂಡು ಇದೆಯೇ ಎಂದು ನೋಡಬೇಕು. ಅನಿಲದ ಸೌಲಭ್ಯಕ್ಕಾಗಿ ಸಂಬಂಧಪಟ್ಟವರಿಗೆ ಬರೆಯಬೇಕು. ಮೂರನೆಯದು ಕಸಗುಡಿಸುವ ರೀತಿ. ನೀರು ಚಿಮುಕಿಸಿ ಗುಡಿಸಿದರೆ, ಒದ್ದೆಬಟ್ಟೆಯಿಂದ ಹಲಗೆ ಒರೆಸಿದರೆ ಧೂಳು ಏಳದು. ದಟ್ಟ ಹೊಗೆ ಕವಿದ ಮುಂಜಾನೆ ಓಟದ ಅಭ್ಯಾಸವನ್ನು ಬಿಸಿಲೇರಿದ ಮೇಲಕ್ಕೆ ಮುಂದೂಡುವುದು ವಿವೇಕ. ಓಡುವ ಮಗು ಕುಳಿತ ಮಗುವಿಗಿಂತ ಹಲವು ಪಟ್ಟು ಗಾಳಿಯನ್ನು ಒಳಗೆಳೆಯುತ್ತದೆ. ಮುಖಕ್ಕೆ ಕಟ್ಟಿದ ಬಟ್ಟೆ ಧೂಳನ್ನು ತಡೆಯುತ್ತದೆಯೇ ಹೊರತು ಹೊಗೆಯ ಸೂಕ್ಷ್ಮ ಕಣಗಳನ್ನು ಹೆಚ್ಚಾಗಿ ತಡೆಯದೆಂಬುದೂ ತಿಳಿದಿರಲಿ.

ಕೊನೆಯದಾಗಿ, ವಾರಗಟ್ಟಲೆ ಕೆಮ್ಮುವ, ಓಡಿದೊಡನೆ ಉಸಿರಿನಲ್ಲಿ ಸಿಳ್ಳೆಯ ಸದ್ದು ಬರುವ, ರಾತ್ರಿ ನಿದ್ದೆಗೆಟ್ಟು ತರಗತಿಯಲ್ಲಿ ತೂಕಡಿಸುವ ಮಗುವನ್ನು ಸೋಮಾರಿಯೆಂದು ಗದರಿಸಬಾರದು. ರೋಗವನ್ನು ನಿರ್ಣಯಿಸುವುದು ವೈದ್ಯರ ಕೆಲಸ; ಆದರೆ ಅದನ್ನು ಗಮನಿಸಿ ಪಾಲಕರೊಡನೆ ಮಾತಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು ಶಿಕ್ಷಕರಿಂದ ಸಾಧ್ಯ. ವೈದ್ಯರು ಇನ್‌ಹೇಲರ್ ಕೊಟ್ಟಿದ್ದರೆ ಅದನ್ನು ತರಗತಿಯಲ್ಲಿ ಸಂಕೋಚವಿಲ್ಲದೆ ಬಳಸಲು ಮಗುವಿಗೆ ಅವಕಾಶವಿರಬೇಕು. ಅದು ಚಟವಾಗಿ ಅಂಟಿಕೊಳ್ಳುವ ವಸ್ತುವಲ್ಲ.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. ಧೂಳಿಗೂ ಹೊಗೆಗೂ ಹುಟ್ಟಿನಲ್ಲಿ ಇರುವ ವ್ಯತ್ಯಾಸವನ್ನು ಒಂದೊಂದು ಉದಾಹರಣೆಯೊಡನೆ ವಿವರಿಸಿರಿ.

2. ಸೂಕ್ಷ್ಮ ಕಣಗಳನ್ನು ಮೂಗು ತಡೆಯಲಾರದು ಏಕೆ?

3. ಯೂಟಾ ಕಣಿವೆಯ ಕಾರ್ಖಾನೆ ಮುಚ್ಚಿದ್ದಾಗಿನ ಕಣಗಳನ್ನೂ ನಡೆಯುತ್ತಿದ್ದಾಗಿನ ಕಣಗಳನ್ನೂ ಸಮಾನ ತೂಕದಲ್ಲಿಯೇ ಪರೀಕ್ಷಿಸಿದ್ದು ಏಕೆ? ತೂಕ ಬೇರೆಬೇರೆಯಾಗಿದ್ದರೆ ಯಾವ ತೀರ್ಮಾನಕ್ಕೆ ಬರಲು ಸಾಧ್ಯವಾಗುತ್ತಿರಲಿಲ್ಲ?

4. ಗಾಳಿಯಲ್ಲಿ 30 ಮೈಕ್ರೋಗ್ರಾಂ ಸೂಕ್ಷ್ಮ ಕಣಗಳಿದ್ದರೆ, ದಿನಕ್ಕೆ 10 ಘನಮೀಟರ್ ಗಾಳಿ ಉಸಿರಾಡುವವನ ದೇಹಕ್ಕೆ ವರ್ಷದಲ್ಲಿ ಸೇರುವ ಕಣಗಳ ತೂಕವೆಷ್ಟು?

5. ನಿಮ್ಮ ಊರಿನ ಹೊಗೆಯ ಮೂಲಗಳಲ್ಲಿ ಮೊದಲು ನಿಲ್ಲಿಸಬೇಕಾದುದು ಯಾವುದು? ಯಾವುದು ಉರಿಯುತ್ತದೆ, ಎಷ್ಟು ಉರಿಯುತ್ತದೆ, ಯಾರಿಗೆ ಸಮೀಪ ಎಂಬ ಮೂರೂ ಅಂಶಗಳನ್ನು ಆಧರಿಸಿ ನಿಮ್ಮ ಉತ್ತರವನ್ನು ಸಮರ್ಥಿಸಿರಿ.

ಐದನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಕಣ್ಣಿಗೆ ದೊಡ್ಡದಾಗಿ ಕಾಣುವ ಮೂಲವನ್ನು ಹೆಸರಿಸಿದ ಮಗುವಿಗಿಂತ, ತನ್ನ ತಂಗಿಗೆ ಅತಿ ಸಮೀಪದಲ್ಲಿರುವ ಬೆಂಕಿಯನ್ನು ಹೆಸರಿಸಿ ಕಾರಣ ಕೊಟ್ಟ ಮಗುವಿಗೆ ಹೆಚ್ಚು ಅಂಕ ಸಲ್ಲಬೇಕು.